ಎಐ ಕಾನೂನಿನ ಹಿಂದಿನ ದುಡ್ಡಿನ ಜಾಡು ಹಿಡಿಯುವುದು ಹೇಗೆ?

2024ರ ಸೆಪ್ಟೆಂಬರ್ 29ರಂದು ಕ್ಯಾಲಿಫೋರ್ನಿಯಾದ ಗವರ್ನರ್ ಗ್ಯಾವಿನ್ ನ್ಯೂಸಮ್ ಒಂದು ಎಐ ಮಸೂದೆಯನ್ನು ವೀಟೋ ಮಾಡಿದರು. ಅದರ ಹೆಸರು ಎಸ್‌ಬಿ 1047. ಸರಿಯಾಗಿ ಒಂದು ವರ್ಷದ ಮೇಲೆ, 2025ರ ಸೆಪ್ಟೆಂಬರ್ 29ರಂದು, ಅದೇ ಗವರ್ನರ್ ಇನ್ನೊಂದು ಎಐ ಮಸೂದೆಗೆ ಸಹಿ ಹಾಕಿದರು. ಅದು ಎಸ್‌ಬಿ 53. ಎರಡನ್ನೂ ತಂದವರು ಸ್ಯಾನ್ ಫ್ರಾನ್ಸಿಸ್ಕೋದ ಸೆನೆಟರ್ ಸ್ಕಾಟ್ ವೀನರ್. ಆಳು ಅದೇ, ಕುರ್ಚಿ ಅದೇ, ತಾರೀಕು ಕೂಡ ಅದೇ. ನಡುವೆ ಬದಲಾಗಿದ್ದು ಏನು?

ಸುದ್ದಿ ಓದಿದರೆ ಇದು ಗೊತ್ತಾಗುವುದಿಲ್ಲ. ಅಲ್ಲಿ ಯಾವಾಗಲೂ ಎರಡೇ ಗುಂಪು: ಜನರ ಸುರಕ್ಷತೆ ಮುಖ್ಯ ಅನ್ನುವವರು, ಹೊಸ ತಂತ್ರಜ್ಞಾನಕ್ಕೆ ಅಡ್ಡಗಾಲು ಹಾಕಬೇಡಿ ಅನ್ನುವವರು. ಕೇಳಿ ಕೇಳಿ ಸಾಕಾಗಿದೆ ಅಲ್ವಾ? ಮಾತು ಬಿಟ್ಟು ಕಾಗದ ನೋಡೋಣ. ಕೆಳಗೆ ಹೇಳಿರುವುದು ನಾನು ಅನುಸರಿಸುವ ದಾರಿ. ಉದಾಹರಣೆಗಳು ಹೆಚ್ಚಾಗಿ ಅಮೆರಿಕದವು. ದೊಡ್ಡ ಮಾಡೆಲ್ (ಚಾಟ್‌ಜಿಪಿಟಿಯಂಥವುಗಳ ಹಿಂದಿರುವ ಎಐ ವ್ಯವಸ್ಥೆ) ಮಾಡುವ ಕಂಪನಿಗಳು ಬಹುಪಾಲು ಅಲ್ಲಿವೆ. ಅಲ್ಲಿಯ ಲೆಕ್ಕಪತ್ರಗಳನ್ನು ಬೆಂಗಳೂರಲ್ಲೋ ಶಿರಸಿಯಲ್ಲೋ ಕೂತು ಯಾರು ಬೇಕಾದರೂ ಬಿಟ್ಟಿಯಾಗಿ ತೆರೆಯಬಹುದು. ಒಂದು ಲ್ಯಾಪ್‌ಟಾಪ್, ಒಂದು ಬಿಡುವಿನ ಭಾನುವಾರ ಸಾಕು.

ಹೆಜ್ಜೆ 1: ಮಸೂದೆ ತೆರೆಯಿರಿ, ಅಂಕಿಗಳನ್ನು ಮಾತ್ರ ಹುಡುಕಿ

ಕಾನೂನಿನ ಭಾಷೆ ನೋಡಿ ಹೆದರಬೇಡಿ. ಪೂರ್ತಿ ಓದುವ ಅಗತ್ಯವೂ ಇಲ್ಲ. ಮೊದಲ ಸುತ್ತಿನಲ್ಲಿ ಮೂರು ಅಂಕಿ ಸಾಕು. ಕಾನೂನು ಯಾರಿಗೆ ತಾಗುತ್ತದೆ, ತಪ್ಪಿದರೆ ದಂಡ ಎಷ್ಟು, ಎಷ್ಟು ದಿನದ ಗಡುವು.

ಎಸ್‌ಬಿ 1047 ತಾಗುತ್ತಿದ್ದದ್ದು ತರಬೇತಿಗೆ, ಅಂದರೆ ಅಪಾರ ಮಾಹಿತಿ ಉಣಿಸಿ ತಯಾರು ಮಾಡುವುದಕ್ಕೆ, 10 ಕೋಟಿ ಡಾಲರ್‌ಗಿಂತ ಹೆಚ್ಚು ಖರ್ಚಾಗುವ ಮಾಡೆಲ್‌ಗಳಿಗೆ. ಜೊತೆಗೆ ಲೆಕ್ಕಾಚಾರದ ಮಿತಿಯೊಂದಿತ್ತು: 1ರ ಮುಂದೆ 26 ಸೊನ್ನೆ ಹಾಕಿದಷ್ಟು ಗಣಿತ ಕ್ರಿಯೆಗಳು. ದೊಡ್ಡ ಅನಾಹುತವಾದರೆ ಮೊದಲ ತಪ್ಪಿಗೆ ದಂಡ ತರಬೇತಿಯ ಕಂಪ್ಯೂಟಿಂಗ್ ವೆಚ್ಚದ ಶೇ 10ರವರೆಗೆ. ಅಂದರೆ 10 ಕೋಟಿ ಡಾಲರ್ ಮಾಡೆಲ್ಲಿಗೆ 1 ಕೋಟಿ ಡಾಲರ್. ಮಾಡೆಲ್ ದೊಡ್ಡದಾದಷ್ಟೂ ದಂಡವೂ ದೊಡ್ಡದು. ಮಾಡೆಲ್ಲನ್ನು ಪೂರ್ತಿ ನಿಲ್ಲಿಸುವ ಸ್ವಿಚ್ ಇರಬೇಕಿತ್ತು. ಹೊರಗಿನವರಿಂದ ಆಡಿಟ್ ಆಗಬೇಕಿತ್ತು.

ಎಸ್‌ಬಿ 53ರಲ್ಲಿ 26 ಸೊನ್ನೆ ಹಾಗೇ ಉಳಿದಿವೆ. ಆದರೆ ದೊಡ್ಡ ಕಟ್ಟುಪಾಡುಗಳು ವರ್ಷಕ್ಕೆ 50 ಕೋಟಿ ಡಾಲರ್‌ಗಿಂತ ಹೆಚ್ಚು ಆದಾಯ ಇರುವ ಕಂಪನಿಗಳಿಗೆ ಮಾತ್ರ. ದಂಡ ಒಂದು ತಪ್ಪಿಗೆ ಹೆಚ್ಚೆಂದರೆ 10 ಲಕ್ಷ ಡಾಲರ್. ಸ್ವಿಚ್ ಹೋಯಿತು. ಆಡಿಟ್ ಹೋಯಿತು. ಉಳಿದದ್ದು ಇಷ್ಟು: ಸುರಕ್ಷತಾ ಯೋಜನೆ ಬರೆದು ಪ್ರಕಟಿಸಬೇಕು, ಗಂಭೀರ ಘಟನೆ ನಡೆದರೆ 15 ದಿನದಲ್ಲಿ ಸರ್ಕಾರಕ್ಕೆ ತಿಳಿಸಬೇಕು, ಒಳಗಿನ ಅಪಾಯದ ಬಗ್ಗೆ ದನಿ ಎತ್ತುವ ನೌಕರರನ್ನು ಶಿಕ್ಷಿಸಬಾರದು.

ನಡುವಿನ ಒಂದು ವರ್ಷದಲ್ಲಿ ಬದಲಾಗಿದ್ದು ಇದು. ಮಾಡು ಎಂದಿದ್ದ ಕಾನೂನು ಹೇಳು ಎನ್ನುವ ಕಾನೂನಾಯಿತು. ಇದನ್ನು ಸೋಲು ಅನ್ನಬೇಕೋ ಬುದ್ಧಿವಂತಿಕೆ ಅನ್ನಬೇಕೋ ನೀವೇ ನಿರ್ಧರಿಸಿ. ನನಗೇನೋ ನೌಕರರ ರಕ್ಷಣೆಯ ಭಾಗ ಒಂದೇ ಆದರೂ ಬೆಲೆಬಾಳುವಂಥದ್ದು ಅನ್ನಿಸುತ್ತದೆ.

ಒಂದು ಉಪಾಯ ಹೇಳುತ್ತೇನೆ. ಕ್ಯಾಲಿಫೋರ್ನಿಯಾ ಶಾಸನಸಭೆಯ ತಾಣದಲ್ಲಿ ಪ್ರತಿ ಮಸೂದೆಯ ಪುಟದ ಮೇಲೂ ಆವೃತ್ತಿಗಳನ್ನು ಹೋಲಿಸುವ ಒಂದು ಗುಂಡಿ ಇದೆ. ಯಾವ ಸಾಲು ಹೊಡೆದುಹಾಕಿದರು, ಯಾವುದು ಹೊಸದಾಗಿ ಸೇರಿತು ಎಂದು ಅಲ್ಲಿ ಎದ್ದು ಕಾಣುತ್ತದೆ. 1047ರ ಮೊದಲ ಕರಡಿನಲ್ಲಿ ದೊಡ್ಡ ಮಾಡೆಲ್‌ಗಳನ್ನು ನೋಡಿಕೊಳ್ಳಲು ಹೊಸ ಸರ್ಕಾರಿ ವಿಭಾಗವೊಂದು ಇತ್ತು. 2024ರ ಆಗಸ್ಟ್ ತಿದ್ದುಪಡಿಯಲ್ಲಿ ಅದು ಮಾಯವಾಯಿತು. ಹೊಡೆದುಹಾಕಿದ ಸಾಲಿನ ತಾರೀಕು ಬರೆದಿಟ್ಟುಕೊಳ್ಳಿ. ಮುಂದಿನ ಹೆಜ್ಜೆಗೆ ಬೇಕು.

ಹೆಜ್ಜೆ 2: ಯಾರು ಪರ, ಯಾರು ವಿರೋಧ?

ಅದೇ ತಾಣದಲ್ಲಿ ಬಿಲ್ ಅನಾಲಿಸಿಸ್ ಎಂಬ ವಿಭಾಗವಿದೆ. ಸಮಿತಿಯ ಸಿಬ್ಬಂದಿ ಬರೆಯುವ ಟಿಪ್ಪಣಿ ಅದು. ನೇರವಾಗಿ ಕೊನೆಗೆ ಹೋಗಿ. ಅಧಿಕೃತವಾಗಿ ಬೆಂಬಲಿಸಿದವರು, ವಿರೋಧಿಸಿದವರು ಎಲ್ಲರ ಹೆಸರೂ ಪಟ್ಟಿಯಲ್ಲಿರುತ್ತದೆ. ಪತ್ರಿಕಾ ಹೇಳಿಕೆಯಲ್ಲಿ ಜಾಣತನದಿಂದ ಮಾತಾಡುವ ಕಂಪನಿ ಇಲ್ಲಿ ಯಾವುದಾದರೂ ಒಂದು ಕಡೆ ನಿಲ್ಲಲೇಬೇಕು, ಇಲ್ಲವೇ ಪಟ್ಟಿಯಿಂದಲೇ ಹೊರಗುಳಿಯಬೇಕು.

1047ರ ಜಗಳದಲ್ಲಿ ಬಣಗಳು ವಿಚಿತ್ರವಾಗಿದ್ದವು. ಡೆಮಾಕ್ರಟ್ ಪಕ್ಷದವರೇ ತಂದ ಮಸೂದೆಯನ್ನು ಅದೇ ಪಕ್ಷದ ಹಿರಿಯ ನಾಯಕಿ ನ್ಯಾನ್ಸಿ ಪೆಲೋಸಿ ವಿರೋಧಿಸಿದರು. ಸ್ವಂತ ಎಐ ಕಂಪನಿ ಇರುವ ಇಲಾನ್ ಮಸ್ಕ್ ಬೆಂಬಲಿಸಿದರು. ಮೆಟಾ, ಗೂಗಲ್, ಆಂಡ್ರೀಸನ್ ಹೊರೊವಿಟ್ಸ್ ಎಂಬ ಹೂಡಿಕೆ ಸಂಸ್ಥೆ ವಿರೋಧಿಸಿದವು. ಆಂಥ್ರೊಪಿಕ್ ಎಂಬ ಎಐ ಕಂಪನಿ ಮೊದಲು ತಿದ್ದುಪಡಿ ಕೇಳಿತು. ತಿದ್ದುಪಡಿಯಾದ ಮೇಲೆ, ನಷ್ಟಕ್ಕಿಂತ ಲಾಭ ಬಹುಶಃ ಹೆಚ್ಚು ಎಂದು ಪತ್ರ ಬರೆಯಿತು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ವಿರೋಧ ಪತ್ರ ಕಳಿಸಿತು. ಅದರ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ 2023ರ ಮೇ 16ರಂದು ಸೆನೆಟ್ ಸಮಿತಿ ಮುಂದೆ ಕೂತು, ಬಲಶಾಲಿ ಮಾಡೆಲ್‌ಗಳಿಗೆ ಲೈಸೆನ್ಸ್ ಕೊಡುವ ಸಂಸ್ಥೆಯೇ ಬೇಕು ಎಂದಿದ್ದರು. ನಿಯಂತ್ರಣ ಬೇಕು ಎಂದು ಹೇಳುವುದು ಬೇರೆ, ಈ ನಿಯಂತ್ರಣ ಬೇಕು ಎಂದು ಸಹಿ ಹಾಕುವುದು ಬೇರೆ. ಈ ಎರಡರ ನಡುವಿನ ಅಂತರವನ್ನೇ ನಿಮ್ಮ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ.

ಹೆಜ್ಜೆ 3: ಲಾಬಿಯ ಲೆಕ್ಕ

ಲಾಬಿಯಿಂಗ್ ಅಂದರೆ ಕಾನೂನು ಮಾಡುವವರನ್ನು ಕಂಡು ತಮ್ಮ ಕಡೆ ಒಲಿಸುವ ಕೆಲಸ. ಅಮೆರಿಕದಲ್ಲಿ 1995ರಿಂದ ಅದನ್ನು ಬಹಿರಂಗಪಡಿಸುವ ಕಾನೂನಿದೆ. ಸಂಸತ್ತಿನ ಬಾಗಿಲು ತಟ್ಟುವ ಕಂಪನಿ ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಸೆನೆಟ್‌ನ ಲಾಬಿಯಿಂಗ್ ದಾಖಲೆಗಳ ತಾಣಕ್ಕೆ ಹೋಗಿ, ಕಂಪನಿ ಹೆಸರು ಹಾಕಿ. ಇಷ್ಟೆಲ್ಲ ಕಷ್ಟ ಬೇಡ ಅನ್ನಿಸಿದರೆ ಓಪನ್‌ಸೀಕ್ರೆಟ್ಸ್ ಎಂಬ ಲಾಭರಹಿತ ಸಂಸ್ಥೆ ಅದನ್ನೆಲ್ಲ ಕೂಡಿಸಿ ಇಟ್ಟಿರುತ್ತದೆ.

ಓಪನ್‌ಎಐ 2023ರಲ್ಲಿ ಇದಕ್ಕೆ ಖರ್ಚು ಮಾಡಿದ್ದು 2.6 ಲಕ್ಷ ಡಾಲರ್. 2024ರಲ್ಲಿ 17.6 ಲಕ್ಷ. ಒಂದೇ ವರ್ಷದಲ್ಲಿ ಆರು ಪಟ್ಟಿಗೂ ಜಾಸ್ತಿ. ಆದರೆ ಇಲ್ಲಿ ಎಡವಬೇಡಿ. ಅದೇ 2024ರಲ್ಲಿ ಮೆಟಾ ಮಾಡಿದ ಖರ್ಚು 2.4 ಕೋಟಿ ಡಾಲರ್ ಮೇಲೆ. ಹಾಗೆಂದು ಮೆಟಾದ ಅಷ್ಟೂ ದುಡ್ಡು ಎಐಗೆ ಹೋಯಿತು ಎಂದಲ್ಲ. ಮಕ್ಕಳ ಸುರಕ್ಷತೆ, ತೆರಿಗೆ, ಖಾಸಗಿತನ ಎಲ್ಲವೂ ಒಂದೇ ಚೀಲದಲ್ಲಿರುತ್ತದೆ. ಯಾವ ಮಸೂದೆಗೆ ಎಷ್ಟು ಎಂದು ಬಿಡಿಸಿ ಹೇಳುವ ಕಡ್ಡಾಯವಿಲ್ಲ. ಈ ಅಂಕಿಯನ್ನು ಹಿಡಿದು ಎಐ ಲಾಬಿಗೆ ಇಷ್ಟು ಕೋಟಿ ಎಂದು ಪೋಸ್ಟ್ ಹಾಕುವವರನ್ನು ನಂಬಬೇಡಿ.

ದುಡ್ಡಿಗಿಂತ ಹೆಚ್ಚು ರುಚಿ ಇರುವುದು ಅದೇ ವರದಿಯ ಒಳಪುಟದಲ್ಲಿ. ಯಾವ ವಿಷಯದ ಬಗ್ಗೆ, ಯಾವ ಇಲಾಖೆಯವರ ಜೊತೆ ಮಾತಾಡಿದರು ಎಂದು ಅಲ್ಲಿ ಬರೆದಿರುತ್ತಾರೆ. ಲಾಬಿ ಮಾಡಿದವರ ಹೆಸರಿನ ಪಕ್ಕ ಅವರು ಹಿಂದೆ ಸರ್ಕಾರದಲ್ಲಿ ಯಾವ ಹುದ್ದೆಯಲ್ಲಿದ್ದರು ಎಂಬುದೂ ಇರುತ್ತದೆ. ನಿನ್ನೆ ಸಮಿತಿಯ ಸಿಬ್ಬಂದಿಯಾಗಿದ್ದವರು ಇವತ್ತು ಅದೇ ಸಮಿತಿಯ ಎದುರು ಕಂಪನಿಯ ಪರ ಕೂತಿರುವುದು ಆಗ ಕಾಣುತ್ತದೆ. ಕ್ಯಾಲಿಫೋರ್ನಿಯಾದ ರಾಜ್ಯ ಮಟ್ಟದ ಲೆಕ್ಕ ಬೇಕಾದರೆ ಅಲ್ಲಿಯ ಕಾರ್ಯದರ್ಶಿ ಕಚೇರಿಯ ಕ್ಯಾಲ್-ಆಕ್ಸೆಸ್ ನೋಡಿ. ತಾಣ ಹಳೇ ಕಾಲದ್ದು, ಸ್ವಲ್ಪ ತಾಳ್ಮೆ ಬೇಕು.

ಹೆಜ್ಜೆ 4: ಚುನಾವಣೆಗೆ ಹೋದ ದುಡ್ಡು

ದೊಡ್ಡ ಮೊತ್ತ ಇರುವುದು ಇಲ್ಲಿ. 2010ರಲ್ಲಿ ಬಂದ ಎರಡು ಕೋರ್ಟ್ ತೀರ್ಪುಗಳ ನಂತರ ಅಮೆರಿಕದಲ್ಲಿ ಸೂಪರ್ ಪ್ಯಾಕ್ ಎಂಬ ಗುಂಪುಗಳು ಹುಟ್ಟಿದವು. ಇವು ಅಭ್ಯರ್ಥಿಗೆ ನೇರವಾಗಿ ಕಾಸು ಕೊಡುವಂತಿಲ್ಲ, ಅವರ ಜೊತೆ ಮಾತಾಡಿಕೊಂಡು ಖರ್ಚು ಮಾಡುವಂತಿಲ್ಲ. ಆದರೆ ತಮ್ಮಷ್ಟಕ್ಕೆ ಎಷ್ಟು ಬೇಕಾದರೂ ಸಂಗ್ರಹಿಸಿ ಎಷ್ಟು ಬೇಕಾದರೂ ಜಾಹೀರಾತು ಕೊಡಬಹುದು.

2025ರ ಆಗಸ್ಟ್‌ನಲ್ಲಿ ಲೀಡಿಂಗ್ ದ ಫ್ಯೂಚರ್ ಎಂಬ ಸೂಪರ್ ಪ್ಯಾಕ್ ಶುರುವಾಯಿತು. ಶುರುವಿನಲ್ಲೇ 10 ಕೋಟಿ ಡಾಲರ್‌ಗೂ ಹೆಚ್ಚಿನ ಬೆಂಬಲ ಘೋಷಿಸಿತು. ನಮ್ಮ ಲೆಕ್ಕದಲ್ಲಿ 850 ಕೋಟಿ ರೂಪಾಯಿ ದಾಟುತ್ತದೆ. ಹಿಂದೆ ನಿಂತವರಲ್ಲಿ ಅದೇ ಆಂಡ್ರೀಸನ್ ಹೊರೊವಿಟ್ಸ್, ಓಪನ್‌ಎಐ ಅಧ್ಯಕ್ಷ ಗ್ರೆಗ್ ಬ್ರಾಕ್‌ಮನ್ ಇದ್ದರು. ಅದು ಬಹಿರಂಗವಾಗಿ ಆರಿಸಿಕೊಂಡ ಮೊದಲ ಗುರಿ ನ್ಯೂಯಾರ್ಕ್ ರಾಜ್ಯದ ಶಾಸಕ ಅಲೆಕ್ಸ್ ಬೋರ್ಸ್. ಅವರ ತಪ್ಪು? ರೈಸ್ ಆಕ್ಟ್ ಎಂಬ ಎಐ ಸುರಕ್ಷತಾ ಮಸೂದೆ ತಂದದ್ದು, ಮತ್ತು ಆಮೇಲೆ ಸಂಸತ್ತಿನ ಸೀಟಿಗೆ ನಿಲ್ಲಲು ಹೊರಟದ್ದು. ಬೋರ್ಸ್ ಇದನ್ನೇ ತಮ್ಮ ಪ್ರಚಾರಕ್ಕೂ ದೇಣಿಗೆ ಎತ್ತಲಿಕ್ಕೂ ಬಳಸಿಕೊಂಡರು. ಮೆಟಾ ಪ್ರತ್ಯೇಕವಾಗಿ ತನ್ನದೇ ಪ್ಯಾಕ್‌ಗಳನ್ನು ಕಟ್ಟಿತು.

ಈ ಆಟದ ಪಾಠ ಕ್ರಿಪ್ಟೊ ಕಂಪನಿಗಳಿಂದ ಬಂದದ್ದು. 2024ರಲ್ಲಿ ಅವರ ಫೇರ್‌ಶೇಕ್ ಪ್ಯಾಕ್ ಕ್ಯಾಲಿಫೋರ್ನಿಯಾದ ಸೆನೆಟ್ ಅಭ್ಯರ್ಥಿ ಕೇಟಿ ಪೋರ್ಟರ್ ವಿರುದ್ಧ ಸುಮಾರು 1 ಕೋಟಿ ಡಾಲರ್ ಸುರಿಯಿತು. ಆ ಜಾಹೀರಾತುಗಳಲ್ಲಿ ಕ್ರಿಪ್ಟೊ ಎಂಬ ಪದವೇ ಇರಲಿಲ್ಲ. ಪೋರ್ಟರ್ ಪ್ರಾಥಮಿಕ ಸುತ್ತಿನಲ್ಲೇ ಸೋತರು. ಫೇರ್‌ಶೇಕ್‌ನಲ್ಲಿದ್ದ ತಂತ್ರಗಾರ ಜಾಶ್ ವ್ಲಾಸ್ಟೋ ಲೀಡಿಂಗ್ ದ ಫ್ಯೂಚರ್‌ನಲ್ಲೂ ಇದ್ದಾರೆ. ಹಾಗಾಗಿ ಜಾಹೀರಾತಿನಲ್ಲಿ ಏನು ಹೇಳುತ್ತಿದ್ದಾರೆ ಎಂಬುದಕ್ಕಿಂತ, ತುದಿಯಲ್ಲಿ ಸಣ್ಣ ಅಕ್ಷರದಲ್ಲಿ ದುಡ್ಡು ಕೊಟ್ಟವರು ಯಾರು ಎಂದಿರುತ್ತದಲ್ಲ, ಅಲ್ಲಿಂದ ಶುರು ಮಾಡಿ. ಆ ಹೆಸರನ್ನು ಫೆಡರಲ್ ಎಲೆಕ್ಷನ್ ಕಮಿಷನ್ ತಾಣದಲ್ಲಿ ಹಾಕಿ.

ಅಲ್ಲಿ ಎರಡು ತರದ ದಾಖಲೆ ಸಿಗುತ್ತವೆ. ಯಾರು ಕೊಟ್ಟರು ಎಂಬುದು ನಿಧಾನಕ್ಕೆ ಬರುತ್ತದೆ, ಕೆಲವೊಮ್ಮೆ ತಿಂಗಳುಗಟ್ಟಲೆ ಆದಮೇಲೆ. ಯಾರ ಮೇಲೆ ಖರ್ಚಾಯಿತು ಎಂಬುದು ಬೇಗ ಬರುತ್ತದೆ. 10,000 ಡಾಲರ್ ದಾಟಿದ ಖರ್ಚನ್ನು 48 ಗಂಟೆಯೊಳಗೆ ಹೇಳಬೇಕು. ಮತದಾನಕ್ಕೆ ಮುಂಚಿನ ಕೊನೆಯ 20 ದಿನಗಳಲ್ಲಿ 1,000 ಡಾಲರ್ ದಾಟಿದರೂ ಸಾಕು, 24 ಗಂಟೆಯೊಳಗೆ ಹೇಳಬೇಕು.

ಒಂದು ಗೋಡೆ ಅಡ್ಡ ಬರುತ್ತದೆ. ಕೊಟ್ಟವರ ಜಾಗದಲ್ಲಿ ಇನ್ನೊಂದು ಲಾಭರಹಿತ ಸಂಸ್ಥೆಯ ಹೆಸರಿದ್ದು, ಅದು ತೆರಿಗೆ ಕಾನೂನಿನ 501ಸಿ4 ವರ್ಗದ್ದಾದರೆ, ಅದಕ್ಕೆ ದುಡ್ಡು ಯಾರು ಕೊಟ್ಟರೆಂದು ಹೇಳುವ ಕಡ್ಡಾಯವಿಲ್ಲ. ಜಾಡು ಅಲ್ಲಿಗೆ ನಿಂತಿತು. ಸುಮ್ನೆ ಊಹೆ ಮಾಡಬೇಡಿ. ಇಲ್ಲಿ ಜಾಡು ತಪ್ಪಿತು ಎಂದು ಬರೆದುಕೊಳ್ಳಿ, ಅದೂ ಒಂದು ಮಾಹಿತಿಯೇ.

ಹೆಜ್ಜೆ 5: ಇನ್ನೊಂದು ಕಡೆಯ ಜೇಬನ್ನೂ ತಡಕಿ

ನಿಯಂತ್ರಣ ಬೇಡ ಅನ್ನುವವರಿಗೆ ಮಾತ್ರ ದುಡ್ಡಿದೆ, ಬೇಕು ಅನ್ನುವವರೆಲ್ಲ ಜೋಳಿಗೆ ಹಿಡಿದ ಸನ್ಯಾಸಿಗಳು ಎಂದುಕೊಂಡರೆ ಅದೂ ತಪ್ಪು. ಎಸ್‌ಬಿ 1047ರ ಪ್ರಾಯೋಜಕರಲ್ಲಿ ಸೆಂಟರ್ ಫಾರ್ ಎಐ ಸೇಫ್ಟಿಯ ರಾಜಕೀಯ ಘಟಕವೂ ಒಂದು. ಎಐ ಸುರಕ್ಷತೆಯ ಬಹಳಷ್ಟು ಸಂಸ್ಥೆಗಳಿಗೆ ಫೇಸ್‌ಬುಕ್ ಸಹಸ್ಥಾಪಕ ಡಸ್ಟಿನ್ ಮಾಸ್ಕೊವಿಟ್ಸ್ ಅವರ ದುಡ್ಡಿನಿಂದ ನಡೆಯುವ ಓಪನ್ ಫಿಲಾಂತ್ರಪಿ ಎಂಬ ದಾನಸಂಸ್ಥೆ (2025ರ ನವೆಂಬರ್‌ನಿಂದ ಅದರ ಹೆಸರು ಕೋಎಫಿಶಿಯೆಂಟ್ ಗಿವಿಂಗ್) ನೆರವು ಕೊಟ್ಟಿದೆ. ಮಾಸ್ಕೊವಿಟ್ಸ್ ಆಂಥ್ರೊಪಿಕ್‌ನ ಆರಂಭದ ಹೂಡಿಕೆದಾರರಲ್ಲಿ ಒಬ್ಬರು. ಆಂಥ್ರೊಪಿಕ್ ಎಸ್‌ಬಿ 53 ಅನ್ನು ಬಹಿರಂಗವಾಗಿ ಬೆಂಬಲಿಸಿತು. 2026ರ ಫೆಬ್ರವರಿಯಲ್ಲಿ, ನಿಯಂತ್ರಣದ ಪರ ಇರುವ ಪಬ್ಲಿಕ್ ಫಸ್ಟ್ ಆ್ಯಕ್ಷನ್ ಎಂಬ ಗುಂಪಿಗೆ 2 ಕೋಟಿ ಡಾಲರ್ ಕೊಟ್ಟಿತು.

ನಿಯಮ ಬಿಗಿಯಾದರೆ ಸಣ್ಣವರಿಗೆ ಕಷ್ಟ, ದೊಡ್ಡವರಿಗೆ ಬೇಲಿ ಎಂದು ಎದುರಾಳಿಗಳು ದೂರುತ್ತಾರೆ. ಆ ದೂರು ಒಂದು ಮಸೂದೆಗೆ ಅನ್ವಯಿಸುತ್ತದೋ ಇಲ್ಲವೋ ಪರೀಕ್ಷಿಸಲು ಮತ್ತೆ ಹೆಜ್ಜೆ 1ಕ್ಕೆ ಹೋಗಿ. 50 ಕೋಟಿ ಡಾಲರ್ ಆದಾಯದ ಗೆರೆ ಇರುವ ಕಡೆ ಗ್ಯಾರೇಜ್ ಸ್ಟಾರ್ಟಪ್‌ಗೆ ಹೊಡೆತ ಅನ್ನುವ ವಾದ ಸೊರಗುತ್ತದೆ. ಗೆರೆಯೇ ಇಲ್ಲದ ಕಡೆ ಅದಕ್ಕೆ ತೂಕವಿದೆ.

ಹೆಜ್ಜೆ 6: ಪಂಚಾಯಿತಿ ಯಾವ ಕಟ್ಟೆಗೆ ಹೋಯಿತು ನೋಡಿ

ಒಂದು ಕಟ್ಟೆಯಲ್ಲಿ ಸೋತವರು ಇನ್ನೊಂದು ಕಟ್ಟೆ ಹತ್ತುತ್ತಾರೆ. ರಾಜ್ಯಗಳು ಕಾನೂನು ಮಾಡುತ್ತಿವೆಯಾ? ಹಾಗಾದರೆ ರಾಜ್ಯಗಳ ಕೈಯನ್ನೇ ಕಟ್ಟಿದರಾಯಿತು. 2025ರ ಮೇ 22ರಂದು ಅಮೆರಿಕದ ಕೆಳಮನೆ 215–214ರಲ್ಲಿ, ಒಂದೇ ಮತದ ಅಂತರದಲ್ಲಿ, ಟ್ರಂಪ್ ಅವರ ದೊಡ್ಡ ಬಜೆಟ್ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಅದರೊಳಗೆ ಒಂದು ಸಾಲು ಇತ್ತು: 10 ವರ್ಷ ಯಾವ ರಾಜ್ಯವೂ ಎಐ ನಿಯಂತ್ರಿಸುವ ಕಾನೂನು ಜಾರಿ ಮಾಡುವಂತಿಲ್ಲ. ಪರವಾಗಿ ಮತ ಹಾಕಿದ್ದ ಸಂಸದೆ ಮಾರ್ಜರಿ ಟೇಲರ್ ಗ್ರೀನ್ ಆಮೇಲೆ, 278 ಮತ್ತು 279ನೇ ಪುಟದಲ್ಲಿ ಹೀಗೊಂದು ಇದೆಯೆಂದು ತನಗೆ ಗೊತ್ತೇ ಇರಲಿಲ್ಲ ಎಂದು ಒಪ್ಪಿಕೊಂಡರು. ಸೆನೆಟ್‌ನಲ್ಲಿ ಟೆಡ್ ಕ್ರೂಜ್ ಅದನ್ನು ಬ್ರಾಡ್‌ಬ್ಯಾಂಡ್ ಅನುದಾನಕ್ಕೆ ಗಂಟು ಹಾಕಿದರು: ಎಐ ನಿಯಂತ್ರಿಸುವ ರಾಜ್ಯಕ್ಕೆ ಆ ದುಡ್ಡಿಲ್ಲ. ಜುಲೈ 1ರ ಬೆಳಗಿನ ಜಾವ ಸೆನೆಟ್ ಆ ಸಾಲನ್ನು 99–1ರಲ್ಲಿ ಕಿತ್ತುಹಾಕಿತು.

ಮುಗಿಯಿತು ಅಂದುಕೊಂಡಿರಾ? 2025ರ ಡಿಸೆಂಬರ್ 11ರಂದು ಟ್ರಂಪ್ ಆದೇಶ ಹೊರಡಿಸಿದರು. ರಾಜ್ಯಗಳ ಎಐ ಕಾನೂನುಗಳ ವಿರುದ್ಧ ಕೋರ್ಟಿಗೆ ಹೋಗಲು ನ್ಯಾಯ ಇಲಾಖೆಯಲ್ಲಿ ಒಂದು ತಂಡ. ಜೊತೆಗೆ ಮತ್ತದೇ ಬ್ರಾಡ್‌ಬ್ಯಾಂಡ್ ದುಡ್ಡಿನ ಒತ್ತಡ. 99 ಮತಗಳಲ್ಲಿ ಹೊರಹೋದದ್ದು ಒಂದು ಸಹಿಯಲ್ಲಿ ಹಿತ್ತಲ ಬಾಗಿಲಿಂದ ಬಂತು. 50 ರಾಜ್ಯಕ್ಕೆ 50 ಕಾನೂನಾದರೆ ಕಂಪನಿಗಳಿಗೆ ತಲೆನೋವು ಎಂಬುದರಲ್ಲಿ ನಿಜವಿದೆ. ಆದರೆ ರಾಜ್ಯಗಳ ಕಾನೂನು ತೆಗೆದು ಅದರ ಜಾಗದಲ್ಲಿ ಏನು ಇಡುತ್ತೀರಿ ಎಂದು ಕೇಳಿ. ಉತ್ತರ ಖಾಲಿಯಿದ್ದರೆ ಅದು ಒಂದೇ ಕಾನೂನು ಬೇಕು ಅನ್ನುವ ವಾದವಲ್ಲ, ಕಾನೂನೇ ಬೇಡ ಅನ್ನುವ ವಾದ.

ಹೆಜ್ಜೆ 7: ಸರ್ಕಾರವೇ ಪಾಲುದಾರನಾದಾಗ

ಚಿಪ್ ವಿಷಯದಲ್ಲಿ ದುಡ್ಡು ಬೇರೆ ದಿಕ್ಕಿಗೆ ಹರಿಯುತ್ತದೆ. 2022ರ ಅಕ್ಟೋಬರ್ 7ರಂದು ಅಮೆರಿಕ ಚೀನಾಕ್ಕೆ ಉನ್ನತ ಎಐ ಚಿಪ್ ಮಾರುವುದನ್ನು ನಿರ್ಬಂಧಿಸಿತು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವ ಹಾಗೆ, ಚಿಪ್ ಕಂಪನಿ ಎನ್ವಿಡಿಯಾ ಮಿತಿಗಿಂತ ಕೆಳಗಿರುವ ಎ800, ಎಚ್800 ಚಿಪ್‌ಗಳನ್ನು ಚೀನಾಕ್ಕೆಂದೇ ಮಾಡಿತು. 2023ರ ಅಕ್ಟೋಬರ್‌ನಲ್ಲಿ ಅವಕ್ಕೂ ತಡೆ ಬಿತ್ತು. ಎಚ್20 ಬಂತು. 2025ರ ಏಪ್ರಿಲ್‌ನಲ್ಲಿ ಅದಕ್ಕೂ ಲೈಸೆನ್ಸ್ ಬೇಕೆಂದರು. ಜುಲೈನಲ್ಲಿ ಮನಸ್ಸು ಬದಲಾಯಿತು. ಆಗಸ್ಟ್‌ನಲ್ಲಿ ಹೊಸ ಷರತ್ತು ಹೊರಬಿತ್ತು: ಚೀನಾದಲ್ಲಿ ಆ ಚಿಪ್ ಮಾರಿ ಬಂದ ಆದಾಯದಲ್ಲಿ ಶೇ 15 ಅಮೆರಿಕ ಸರ್ಕಾರಕ್ಕೆ. ಡಿಸೆಂಬರ್‌ನಲ್ಲಿ ಇನ್ನೂ ಬಲಶಾಲಿಯಾದ ಎಚ್200ಕ್ಕೆ ಒಪ್ಪಿಗೆ, ಪಾಲು ಶೇ 25.

ದೇಶದ ಭದ್ರತೆಗೆ ಅಪಾಯ ಎಂದು ತಡೆದದ್ದನ್ನು ಶೇ 25ಕ್ಕೆ ಬಿಡುವುದಾದರೆ, ಮೊದಲು ಹೇಳಿದ ಕಾರಣ ಏನಾಯಿತು? ಇಂಥ ಸುದ್ದಿ ಬಂದಾಗ ನಿಯಮದ ತಾರೀಕು, ಅದು ಸಡಿಲವಾದ ತಾರೀಕು, ನಡುವೆ ಯಾರು ಯಾರನ್ನು ಭೇಟಿಯಾದರು ಎಂದು ಒಂದೇ ಹಾಳೆಯಲ್ಲಿ ಬರೆದು ನೋಡಿ.

ಇದು ನಮಗೂ ತಾಗಿದ ವಿಷಯ. ಬೈಡನ್ ಸರ್ಕಾರ ಹೊರಡುವ ವಾರ, 2025ರ ಜನವರಿ 13ರಂದು, ಜಗತ್ತನ್ನೇ ಮೂರು ಪಂಕ್ತಿ ಮಾಡಿ ಚಿಪ್ ಹಂಚುವ ನಿಯಮ ತಂದಿತು. ಮೊದಲ ಪಂಕ್ತಿಯಲ್ಲಿ 18 ಮಿತ್ರ ದೇಶಗಳು. ಭಾರತಕ್ಕೆ ಸಿಕ್ಕಿದ್ದು ಎರಡನೇ ಪಂಕ್ತಿ, ಸುಮಾರು 50,000 ಉನ್ನತ ಚಿಪ್‌ಗಳ ಮಿತಿ. ಮೇ ತಿಂಗಳಲ್ಲಿ ಟ್ರಂಪ್ ಸರ್ಕಾರ ಅದನ್ನು ರದ್ದು ಮಾಡಿತು.

ಹೆಜ್ಜೆ 8: ಇದೇ ಕೆಲಸ ಭಾರತದಲ್ಲಿ

ಇಲ್ಲಿ ದಾರಿ ಕಲ್ಲುಮುಳ್ಳು. ನಮ್ಮಲ್ಲಿ ಲಾಬಿ ಮಾಡುವವರ ನೋಂದಣಿ ಕಾನೂನೇ ಇಲ್ಲ. 2024ರ ಮಾರ್ಚ್ 1ರಂದು ಕೇಂದ್ರದ ಐಟಿ ಸಚಿವಾಲಯ ಒಂದು ಸಲಹಾಪತ್ರ ಹೊರಡಿಸಿತು. ಪರೀಕ್ಷೆ ಪೂರ್ತಿಯಾಗದ ಎಐ ಮಾಡೆಲ್‌ಗಳನ್ನು ಜನರಿಗೆ ಬಿಡುವ ಮೊದಲು ಸರ್ಕಾರದ ಅನುಮತಿ ಬೇಕು ಎಂದಿತು. ಉದ್ಯಮದವರು ಗಲಾಟೆ ಮಾಡಿದರು. ಮಾರ್ಚ್ 15ರ ಹೊಸ ಪತ್ರದಲ್ಲಿ ಅನುಮತಿಯ ಮಾತು ಇರಲಿಲ್ಲ. ಎರಡೇ ವಾರ. ನಡುವೆ ಯಾರು ಯಾರ ಕಚೇರಿಗೆ ಹೋದರು ಎಂಬುದಕ್ಕೆ ಅಮೆರಿಕದ ತರ ತೆರೆದು ನೋಡುವ ಪುಟ ಇಲ್ಲ.

ಇರುವ ಸಾಧನ ಮಾಹಿತಿ ಹಕ್ಕು. 10 ರೂಪಾಯಿ ಶುಲ್ಕ, 30 ದಿನದ ಗಡುವು, ಆನ್‌ಲೈನ್‌ನಲ್ಲೇ ಅರ್ಜಿ. ಎಐ ನೀತಿಯ ಹಿಂದಿನ ಕಾರಣ ಏನು ಎಂದು ಕೇಳಬೇಡಿ, ಅಂಥ ಪ್ರಶ್ನೆ ಸುಲಭವಾಗಿ ತಿರಸ್ಕಾರವಾಗುತ್ತದೆ. ಇಂತಿಂಥ ಕರಡಿನ ಮೇಲೆ ಬಂದ ಅಭಿಪ್ರಾಯಗಳ ಪ್ರತಿ ಕೊಡಿ, ಇಂತಿಂಥ ತಾರೀಕಿನ ಸಭೆಯ ಹಾಜರಿ ಪಟ್ಟಿ ಕೊಡಿ ಎಂದು ಕಾಗದದ ಹೆಸರು ಹಿಡಿದು ಕೇಳಿ.

ಪಕ್ಷಗಳ ದೇಣಿಗೆಗೆ ಚುನಾವಣಾ ಆಯೋಗದ ತಾಣ ನೋಡಿ. 20,000 ರೂಪಾಯಿ ದಾಟಿದ ದೇಣಿಗೆಗಳ ವರದಿ ಅಲ್ಲಿರುತ್ತದೆ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್ ರದ್ದು ಮಾಡಿದ ಮೇಲೆ ಈ ವರದಿಗಳಿಗೆ ಮತ್ತೆ ಬೆಲೆ ಬಂದಿದೆ.

ಇನ್ನು ನಮ್ಮಲ್ಲಿ ಎಐ ದುಡ್ಡು ಹೆಚ್ಚಾಗಿ ಸರ್ಕಾರದಿಂದ ಕಂಪನಿಗೆ ಹರಿಯುತ್ತದೆ ಎಂಬುದನ್ನು ಮರೆಯಬೇಡಿ. 2024ರ ಮಾರ್ಚ್‌ನಲ್ಲಿ ಒಪ್ಪಿಗೆ ಸಿಕ್ಕ ಇಂಡಿಯಾಎಐ ಮಿಷನ್‌ನ ಮೊತ್ತ ಸುಮಾರು 10,372 ಕೋಟಿ ರೂಪಾಯಿ. 2025ರ ಏಪ್ರಿಲ್‌ನಲ್ಲಿ ದೇಶದ್ದೇ ಭಾಷಾ ಮಾಡೆಲ್ ಕಟ್ಟಲು ಆಯ್ಕೆಯಾದ ಸರ್ವಂ ಎಐ ನಮ್ಮ ಬೆಂಗಳೂರಿನದು. 2025ರ ನವೆಂಬರ್‌ನಲ್ಲಿ ಬಂದ ಎಐ ಮಾರ್ಗಸೂಚಿ, ಸದ್ಯಕ್ಕೆ ಹೊಸ ಕಾನೂನು ಬೇಡ ಎಂದಿತು. ಹಾಗಾಗಿ ಇಲ್ಲಿ ಹುಡುಕಬೇಕಾದ್ದು ಟೆಂಡರ್, ಆಯ್ಕೆ ಸಮಿತಿ, ಯಾರಿಗೆ ಎಷ್ಟು ಜಿಪಿಯು (ಎಐಗೆ ಬೇಕಾದ ಚಿಪ್) ಎಷ್ಟು ರಿಯಾಯಿತಿಯಲ್ಲಿ ಸಿಕ್ಕಿತು ಎಂಬ ಪಟ್ಟಿ.

ಕೊನೆಗೆ, ಬರೆಯುವ ಮೊದಲು

ಕಂಡದ್ದನ್ನು ಹಂಚಿಕೊಳ್ಳುವ ಮೊದಲು ಒಂದು ಸಲ ಹಿಂದೆ ತಿರುಗಿ ನೋಡಿ. ಒಬ್ಬ ಶಾಸಕ ದುಡ್ಡು ತೆಗೆದುಕೊಂಡರು, ಆಮೇಲೆ ಒಂದು ಕಡೆ ಮತ ಹಾಕಿದರು ಎಂದರೆ ದುಡ್ಡಿಗಾಗಿಯೇ ಹಾಕಿದರು ಎಂದಾಗುವುದಿಲ್ಲ. ಮೊದಲೇ ಹಾಗೆ ಯೋಚಿಸುವವರನ್ನು ಹುಡುಕಿಯೂ ದುಡ್ಡು ಹೋಗುತ್ತದೆ. ತಾರೀಕು ನೋಡಿದರೆ ಯಾವುದು ಮೊದಲು ಎಂದು ಗೊತ್ತಾಗುತ್ತದೆ. ನ್ಯೂಸಮ್ ವೀಟೋ ಪತ್ರವನ್ನೇ ಓದಿ ನೋಡಿ. ಅತಿ ದುಬಾರಿ ಮಾಡೆಲ್‌ಗಳನ್ನು ಮಾತ್ರ ಹಿಡಿದರೆ ಜನರಿಗೆ ಸುಳ್ಳು ನೆಮ್ಮದಿ ಸಿಗುತ್ತದೆ ಎಂಬುದು ಅವರ ವಾದ. ಒಪ್ಪದಿರಬಹುದು, ಆದರೆ ಪೊಳ್ಳು ವಾದವಲ್ಲ. ಹಾಗೆಂದು ಒಂದು ವರ್ಷದ ಮೇಲೆ ಅವರು ಸಹಿ ಹಾಕಿದ ಮಸೂದೆಯ ಬಿಗಿ ಕಟ್ಟುಪಾಡುಗಳೂ ಅತಿ ದೊಡ್ಡ ಕಂಪನಿಗಳಿಗೇ ಎಂಬುದನ್ನು ಪಕ್ಕದಲ್ಲೇ ಬರೆದುಕೊಳ್ಳಿ.

ಫೋನಿನಲ್ಲಿ ನಾಲ್ಕು ರಿಮೈಂಡರ್ ಹಾಕಿಡಿ: ಜನವರಿ 20, ಏಪ್ರಿಲ್ 20, ಜುಲೈ 20, ಅಕ್ಟೋಬರ್ 20. ಅಮೆರಿಕದ ಲಾಬಿ ವರದಿಗಳ ಗಡುವು ಅದು. ಮಾರನೆಯ ದಿನ ಬೆಳಗ್ಗೆ ನೋಡಿದರೆ ಸಾಕು, ಅಲ್ಲಿಯವರು ಎಲ್ಲದರಂತೆ ಇದನ್ನೂ ಕೊನೇ ಗಂಟೆಯಲ್ಲೇ ತುಂಬುತ್ತಾರೆ.